ಕೊಸರು ಕೊಡಲು ಹಾಲೆಂಡಿನಲ್ಲೊಂದು ಕೈ

ನಮ್ಮ ಕಂಪನಿ ನಾಯಿಗಳಿಗೆ ಸೌದೆ ಮಾರುತ್ತದೆ. ಸುತ್ತಿಬಳಸದೆ ಹೇಳಿಬಿಡುವುದೇ ವಾಸಿ. ಎಷ್ಟು ನಾಜೂಕಾಗಿ ವಿವರಿಸಿದರೂ ಕೇಳಿಸಿಕೊಂಡವರು ಕೊನೆಗೆ ಇದೇ ಮಾತು ಹೇಳಿ ನಗುತ್ತಾರೆ.

ವಯಸ್ಸಾಗಿ ಫಸಲು ನಿಲ್ಲಿಸಿದ ಕಾಫಿ ಗಿಡಗಳನ್ನು ನಮ್ಮ ತೋಟದಲ್ಲಿ ವರ್ಷವೂ ಕೀಳಿಸುತ್ತಾರೆ. ಅದರ ಕಾಂಡ ಕಲ್ಲಿನಷ್ಟು ಗಟ್ಟಿ. ವನಗೂರಿನ ಕಡೆಯ ನಮ್ಮ ಮನೆಯಲ್ಲಿ ಅದಕ್ಕಿದ್ದ ಉಪಯೋಗ ಒಂದೇ, ಬಚ್ಚಲೊಲೆ. ಹೀಗಿರುವಾಗ ಬೆಳಗೋಡಿನಿಂದ ನಮ್ಮ ಮನೆಗೆ ಸೊಸೆಯಾಗಿ ಬಂದ ಅತ್ತಿಗೆ ಒಂದು ಬೆಳಿಗ್ಗೆ ಮೊಬೈಲಿನಲ್ಲಿ ಏನನ್ನೋ ನೋಡುತ್ತಿದ್ದವಳು ದಡಬಡ ಬಚ್ಚಲಿಗೆ ಓಡಿ, ಒಲೆಯೊಳಗಿನ ಅರ್ಧ ಉರಿದ ಕೊಳ್ಳಿಯನ್ನು ಹೊರಗೆಳೆದು ನೀರು ಸುರಿದಳು. ತಲೆಗೆ ಎಣ್ಣೆ ಹಚ್ಚಿಕೊಂಡು ಬಿಸಿನೀರಿಗೆ ಕಾಯುತ್ತಿದ್ದವಳು ನಾನು.

"ಏನ್ ಮಾರಾಯ್ತಿ, ನಾನು ಹಿಂಗೇ ಎಣ್ಣೆ ಸುರಿಸ್ಕಂಡ್ ಇರ್ಬೇಕಾ?"

"ನಿನ್ ತಲೆ ಹಾಳಾಗ್ ಹೋಗ್ಲಿ ಕಣೇ. ಇಲ್ ನೋಡು. ಹಾಲೆಂಡಲ್ಲಿ ನಾಯಿಗೆ ಕಡಿಯಕ್ಕೆ ಇದನ್ನೇ ಕೊಡ್ತಾರಂತೆ. ದುಡ್ಡು ಕೊಟ್ಟು ತಗಂತಾರಂತೆ!"

ನೋಡಿದೆ. ಸೋಫಾದಂಥ ಹಾಸಿಗೆಯ ಮೇಲೆ ಕುಳಿತ ಒಂದು ನಾಯಿ ನಮ್ಮ ಬಚ್ಚಲ ಸೌದೆಯನ್ನು ಪ್ರಪಂಚದ ಚಿಂತೆಯೇ ಇಲ್ಲದೆ ಕಡಿಯುತ್ತಿತ್ತು. ಬೇರೆ ಮರವಾದರೆ ಸಿಬಿರೆದ್ದು ಬಾಯಿಗೆ ಚುಚ್ಚುತ್ತದೆ, ಕಾಫಿ ಕಾಂಡ ಹಾಗಲ್ಲ, ಕಡಿದಷ್ಟೂ ನಾರಿನ ಹಾಗೆ ಮೆತ್ತಗಾಗುತ್ತದೆ ಎಂಬುದು ಅತ್ತಿಗೆ ಅವತ್ತೇ ಕಂಡುಹಿಡಿದ ಸತ್ಯ. ಕಂಡುಹಿಡಿದದ್ದು ಹೇಗೆಂದರೆ, ಮೊದಲು ನನಗೆ ಕಡಿಯಲು ಕೊಟ್ಟು. ನಮ್ಮ ಮನೆಯ ನಾಯಿ ಮೂಸಿ ಹೊರಟುಹೋಗಿತ್ತು.

ಆಮೇಲೆ ಎಲ್ಲವೂ ಜೋರಾಗಿ ನಡೆಯಿತು. ಸ್ಟೋರಿನ ಅರ್ಧ ಜಾಗ ಅತ್ತಿಗೆಯದಾಯಿತು. ಕಾಫಿ ಮೂಟೆ ಇಡುತ್ತಿದ್ದ ಕಡೆ ಗರಗಸದ ಯಂತ್ರ ಬಂತು. ತೋಟದ ಆಳುಗಳ ಲೈನಿನ ಮನೆಗಳಿಂದ ನಾಲ್ಕು ಹೆಂಗಸರು ಬಂದು ಕಾಂಡ ತುಂಡರಿಸಿ, ತೊಗಟೆ ಹೆರೆದು, ಸ್ಯಾಂಡ್‌ಪೇಪರಿನಲ್ಲಿ ತಿಕ್ಕಿ ತಿಕ್ಕಿ ಮಗುವಿನ ಕೆನ್ನೆಯ ಹಾಗೆ ನುಣುಪು ಮಾಡತೊಡಗಿದರು. ಹೊಂಗಡಹಳ್ಳದ ಬಸ್ ನಿಲ್ಲುವ ಕಡೆ ನನ್ನನ್ನು ಕಂಡವರೆಲ್ಲ, "ಏನಮ್ಮಾ, ನಾಯಿ ಸೌದೆ ಯಾಪಾರ ಹೆಂಗ್ ನಡಿತಾ ಐತೆ? ನಮ್ ದನಕ್ಕೂ ಒಂದೆರಡು ಕೋಲು ಕಳ್ಸು" ಎನ್ನುತ್ತಿದ್ದರು. ಬಿಕಾಂ ಮುಗಿಸಿ ಮನೆಯಲ್ಲಿ ಕೂತು ಮೊಸರನ್ನ ಖಾಲಿ ಮಾಡುತ್ತಿದ್ದ ನನಗೆ ಅತ್ತಿಗೆ ವಿದೇಶಾಂಗ ಖಾತೆ ಕೊಟ್ಟಳು. ಅಂದರೆ ಇಂಗ್ಲಿಷಿನಲ್ಲಿ ಮೇಲ್ ಬರೆಯುವ ಕೆಲಸ.

ಹಾಲೆಂಡಿನ ನಾಯಿ ಅಂಗಡಿಗಳಿಗೆಲ್ಲ ಬರೆದೆ. ಫೋಟೊ ಕಳಿಸಿದೆ. ಉತ್ತರಗಳು ಬಂದವು. ಎಲ್ಲರೂ ಮೊದಲ ಸಾಲಿನಲ್ಲಿ ಹೊಗಳುತ್ತಿದ್ದರು, ಎರಡನೆಯ ಸಾಲಿನಲ್ಲಿ ಒಂದೇ ಪ್ರಶ್ನೆ ಕೇಳುತ್ತಿದ್ದರು: ನೀವು ಇಲ್ಲಿ ಎಲ್ಲಿದ್ದೀರಿ? ಮಾಲು ಸರಿಯಿಲ್ಲದಿದ್ದರೆ ಯಾರಿಗೆ ವಾಪಸ್ ಕೊಡಬೇಕು? ಗಿರಾಕಿ ತಕರಾರು ತಂದರೆ ಯಾರಿಗೆ ಫೋನ್ ಮಾಡಬೇಕು? ಏಳು ಸಮುದ್ರದಾಚೆಯ ಒಂದು ಬೆಟ್ಟಕ್ಕೆ ನಾಯಿ ಕಡಿದ ಕೋಲನ್ನು ಪಾರ್ಸೆಲ್ ಮಾಡಲು ಯಾರಿಗೂ ಇಷ್ಟವಿರಲಿಲ್ಲ.

"ಅಷ್ಟೇ ತಾನೆ?" ಎಂದೆ ನಾನು. ನನ್ನ ಬಾಯಿಂದ ಈ ಎರಡು ಪದ ಬಂದರೆ ಮನೆಯವರೆಲ್ಲ ಹತ್ತಿರದ ಕಂಬ ಹಿಡಿದುಕೊಳ್ಳಬೇಕು. ಇಂಟರ್‌ನೆಟ್ಟಿನಲ್ಲಿ ಹುಡುಕಿ ಹಾಲೆಂಡಿನ ಒಂದು ಫೋನ್ ನಂಬರನ್ನು ಬಾಡಿಗೆಗೆ ತೆಗೆದುಕೊಂಡೆ. ಅಲ್ಲಿಯ ಜನ ಅಲ್ಲಿಯ ನಂಬರಿಗೆ ಮಾಡಿದರೆ ಇಲ್ಲಿ ನನ್ನ ಮೊಬೈಲ್ ಬಡಿದುಕೊಳ್ಳುತ್ತದೆ. ಆದರೆ ನಮ್ಮಲ್ಲಿ ಮಾತು ಕೇಳಿಸುವಷ್ಟು ಸಿಗ್ನಲ್ ಸಿಗುವುದು ಗೇಟಿನ ಪಕ್ಕದ, ಕಡಿದ ಸಿಲ್ವರ್ ಮರದ ಮೋಟಿನ ಮೇಲೆ ನಿಂತರೆ ಮಾತ್ರ. ಹೀಗೆ ನಮ್ಮ ಯುರೋಪಿನ ಕಚೇರಿ ಆ ಮೋಟಿನ ಮೇಲೆ ಪ್ರಾರಂಭವಾಯಿತು. ಮಳೆಗಾಲವಾದ್ದರಿಂದ ಕಚೇರಿಗೆ ಕೊಡೆಯೂ ಇತ್ತು, ಕಾಲಿಗೆ ಜಿಗಣೆಗಳೂ ಇದ್ದವು.

ಮೊದಲ ಕರೆ ಬಂದದ್ದು ಮೂರು ನಾಯಿ ಅಂಗಡಿಗಳ ಒಡತಿಯಿಂದ. ನಾನು ಅವರನ್ನು ಅಂಗಡಿಯಮ್ಮ ಎನ್ನುತ್ತೇನೆ. ಊಟ ಬಿಟ್ಟು, ಅನ್ನ ಮೆತ್ತಿದ ಕೈಯಲ್ಲೇ ಓಡಿಹೋಗಿ ಮೋಟು ಹತ್ತಿದೆ.

"ಏನು ಶಬ್ದ ಅದು?" ಎಂದರು ಅಂಗಡಿಯಮ್ಮ.

"ಮಳೆ ಮೇಡಂ. ಎಂಥಾ ಮಳೆ ಅಂತೀರಿ!"

"ಮಳೆಯಾ? ಇಲ್ಲಿ ಬಿಸಿಲಿಗೆ ಜನ ಒದ್ದಾಡ್ತಾ ಇದ್ದಾರೆ. ನಾನು ಇವತ್ತು ರೈಲಿನಲ್ಲಿ ಹೊರಟಿದ್ದೀನಿ, ನಿಮ್ಮ ಕಚೇರಿ ದಾರಿಯಲ್ಲಿದ್ದರೆ ಬಂದು ನೋಡಿಕೊಂಡು ಹೋಗಲಾ?"

"ಈಗ ಬೇಡ ಮೇಡಂ, ಊಟಕ್ಕೆ ಕೂತಿದ್ದೀನಿ."

"ಬೆಳಿಗ್ಗೆ ಒಂಬತ್ತೂವರೆಗೆ?"

ಅಷ್ಟರಲ್ಲಿ ನಮ್ಮ ಹುಂಜ ಮೋಟಿನ ಬುಡಕ್ಕೆ ಬಂದು, ಕಂಪನಿಯ ಪರವಾಗಿ ಅಧಿಕೃತ ಹೇಳಿಕೆ ಕೊಟ್ಟಿತು. ನಾನು ಇರುವುದನ್ನು ಇದ್ದ ಹಾಗೆ ಹೇಳಿದೆ. ಮೋಟು, ಕೊಡೆ, ಜಿಗಣೆ ಎಲ್ಲ. ಅಂಗಡಿಯಮ್ಮ ಎಷ್ಟು ಹೊತ್ತು ನಕ್ಕರೆಂದರೆ ಕರೆ ಕಟ್ಟಾಯಿತೇನೋ ಎಂದು ಎರಡು ಸಲ ನೋಡಿಕೊಂಡೆ. ಆಮೇಲೆ ಅವರ ದನಿ ಬದಲಾಯಿತು.

"ನೋಡಮ್ಮ, ನಿಮ್ಮ ಕೋಲು ನನಗೆ ಇಷ್ಟವಾಗಿದೆ. ಸ್ವಲ್ಪ ಮಾಲನ್ನು ನಮ್ಮೂರಿನ ಪ್ಯಾಕಿಂಗ್ ಗೋಡೌನಿಗೆ ಕಳಿಸು, ನೀನೂ ಬಾ. ಚಳಿಗಾಲದ ಹಬ್ಬದ ವ್ಯಾಪಾರಕ್ಕೆ ಮುಂಚೆ ಇಲ್ಲಿ ನಿಮ್ಮದು ಅಂತ ಒಂದು ವಿಳಾಸ ಇರಬೇಕು, ಆ ವಿಳಾಸದ ಹಿಂದೆ ಉಸಿರಾಡುವ ಒಬ್ಬ ಮನುಷ್ಯ ಇರಬೇಕು. ಇದ್ದರೆ ನಿಮ್ಮ ಮಾಲೆಲ್ಲ ನನ್ನದು. ಇಲ್ಲದಿದ್ದರೆ ಇಲ್ಲ."

ಈ ಸುದ್ದಿಗೆ ಅತ್ತಿಗೆ ಸ್ಟೋರಿನಲ್ಲೇ ಒಂದು ಸುತ್ತು ಕುಣಿದಳು. ಅಪ್ಪ ಬಾಗಿಲಲ್ಲಿ ನಿಂತು ಕೇಳಿಸಿಕೊಂಡು, ತಮ್ಮ ತೀರ್ಪು ಕೊಟ್ಟರು.

"ಹಣ್ಣು ಕುಯ್ಲು ಶುರುವಾಗೋದ್ರೊಳಗೆ ನನ್ ಸ್ಟೋರು ನಂಗೆ ಖಾಲಿ ಬೇಕು. ಹಾಲೆಂಡಿಗಾದ್ರೂ ಕಳ್ಸಿ, ಹೊಳೆಗಾದ್ರೂ ಹಾಕಿ. ಮಿಕ್ಕಿದ್ದು ಬಚ್ಚಲೊಲೆಗೆ."

"ಮಾವ, ಅಷ್ಟು ತಿಕ್ಕಿ ಇಟ್ಟಿರೋದನ್ನ ಒಲೆಗೆ ಹಾಕ್ತೀರಾ?"

"ತಿಕ್ಕಿರೋದು ಇನ್ನೂ ಚೆನ್ನಾಗಿ ಉರಿತೈತೆ ಬುಡಮ್ಮ."

ಅತ್ತಿಗೆ ನಗಲಿಲ್ಲ. ಸ್ಟೋರಿನ ಅರ್ಧ ಭಾಗದಲ್ಲಿ ಅವಳ ಒಂದು ವರ್ಷದ ಕೆಲಸ ಎದೆಯೆತ್ತರ ನಿಂತಿತ್ತು. ಆ ನಾಲ್ಕು ಹೆಂಗಸರು ಮಳೆಗಾಲದಲ್ಲೂ ಕೆಲಸ ಬಿಡದೆ ಬಂದದ್ದು ಅವಳ ಮಾತು ನಂಬಿ. ಅವಳು ನನ್ನ ಕೈ ಹಿಡಿದು, "ಹೋಗ್ಬುಟ್ ಬಾರೇ. ಆದ್ರೆ ಒಂದು, ಅಲ್ಲಿ ಹೋಗಿ 'ಅಷ್ಟೇ ತಾನೆ' ಅನ್ಬೇಡ" ಎಂದಳು.

ನನ್ನನ್ನೇ ಕಳಿಸಲು ಕಾರಣ ನನ್ನ ಪ್ರತಿಭೆಯಲ್ಲ. ಮನೆಯಲ್ಲಿ ಪಾಸ್‌ಪೋರ್ಟ್ ಇದ್ದದ್ದು ನನಗೊಬ್ಬಳಿಗೇ. ಕಾಲೇಜಿನಲ್ಲಿ ಗೆಳತಿಯರೆಲ್ಲ ಮಾಡಿಸಿದರೆಂದು ನಾನೂ ಮಾಡಿಸಿ, ಅದುವರೆಗೆ ಅದನ್ನು ಗ್ಯಾಸ್ ಬುಕ್ ಮಾಡುವಾಗ ಗುರುತಿಗೆ ತೋರಿಸಲು ಮಾತ್ರ ಬಳಸಿದ್ದೆ. ಮಾಲನ್ನು ಕಾಯಿಸಿ, ಹುಳವಿಲ್ಲವೆಂಬ ಕಾಗದ ಮಾಡಿಸಿ, ಹಡಗಿಗೆ ಹಾಕಿ ಮೊದಲೇ ಕಳಿಸಿದೆವು. ಅಂಗಡಿಯಮ್ಮ ಕರೆಪತ್ರ ಕಳಿಸಿದರು, ವೀಸಾ ಬಂತು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ನನ್ನ ಚೀಲದೊಳಗಿನ ನಮೂನೆಯ ಕೋಲುಗಳನ್ನು ಕಂಡ ಅಧಿಕಾರಿ, "ಅಲ್ಲಿ ಸೌದೆ ಸಿಗಲ್ವೇನಮ್ಮಾ?" ಎಂದರು. "ಸಿಗುತ್ತೆ ಸಾರ್, ಅಲ್ಲಿನ ನಾಯಿಗಳು ನಮ್ಮ ಸೌದೆನೇ ಬೇಕಂತಾವೆ" ಎಂದೆ. ಅವರು ನನ್ನನ್ನೊಮ್ಮೆ, ಕೋಲನ್ನೊಮ್ಮೆ ನೋಡಿ, ನನಗೇ ಏನೋ ತೊಂದರೆಯಿರಬೇಕೆಂದು ಕರುಣೆಯಿಂದ ಬಿಟ್ಟರು.

ಹಾಲೆಂಡಿನ ನೆಲ ನೋಡಿ ಮೊದಲು ನನಗೆ ಗಾಬರಿಯಾಯಿತು. ಎಲ್ಲಿಯೂ ಏರಿಲ್ಲ, ಇಳಿಜಾರಿಲ್ಲ, ತಿರುವಿಲ್ಲ. ವನಗೂರಿನ ಜೀಪ್ ರಸ್ತೆಯಲ್ಲಿ ಬೆಳೆದವಳಿಗೆ ರೈಲು ಇಷ್ಟು ನೇರವಾಗಿ ಹೋಗುವುದೇ ಅನುಮಾನ, ಮುಂದೆ ಎಲ್ಲೋ ದೊಡ್ಡ ಪ್ರಪಾತ ಬರಲಿದೆ ಅನಿಸುತ್ತಿತ್ತು. ಆದರೆ ಎಲ್ಲಿ ನೋಡಿದರೂ ನಾಯಿ! ಸೈಕಲ್ ಬುಟ್ಟಿಯಲ್ಲಿ ನಾಯಿ, ರೈಲಿನಲ್ಲಿ ನಾಯಿ, ಹೋಟೆಲಿನ ಮೇಜಿನ ಕೆಳಗೆ ನಾಯಿ. ಒಂದೊಂದು ನಾಯಿ ಕಂಡಾಗಲೂ ನನ್ನ ಎದೆ ಹಬ್ಬದ ತಮಟೆಯ ಹಾಗೆ ಹೊಡೆದುಕೊಂಡಿತು. ಎಲ್ಲವೂ ನಮ್ಮ ಗಿರಾಕಿಗಳೇ, ಪಾಪ ಅವಕ್ಕಿನ್ನೂ ಗೊತ್ತಿಲ್ಲ. ಫೋಟೊ ತೆಗೆದು ತೆಗೆದು ಅತ್ತಿಗೆಗೆ ಕಳಿಸಿದೆ. ಅವಳು ಪ್ರತಿಯೊಂದಕ್ಕೂ, "ಹಲ್ಲು ಹೆಂಗವೆ ನೋಡು" ಎಂದು ಬರೆಯುತ್ತಿದ್ದಳು.

ಮೊದಲು ಹೋದದ್ದು ಹೊರಗಿನ ಕಂಪನಿಗಳಿಗೆ ಸಲಹೆ ಕೊಡುವ ಒಂದು ಕಚೇರಿಗೆ. ಗಾಜಿನ ಮೇಜು, ಒಂದು ಲೋಟ ನೀರು, ನಾಣ್ಯದಷ್ಟು ಚಿಕ್ಕ ಬಿಸ್ಕತ್ತು. ಕೋಟು ಹಾಕಿದ ಒಬ್ಬ ಯುವಕ ವಿವರಿಸಿದ: ಇಲ್ಲಿ ಹೊಸ ಕಂಪನಿಯನ್ನೇ ತೆರೆಯಬಹುದು, ಇಲ್ಲವೇ ಊರಿನ ಕಂಪನಿಯ ಶಾಖೆ ಮಾಡಬಹುದು, ಅದೂ ಬೇಡವೆಂದರೆ ಇಲ್ಲಿಯವರೇ ಒಬ್ಬರನ್ನು ನಿಮ್ಮ ಪ್ರತಿನಿಧಿಯಾಗಿ ಹಿಡಿಯಬಹುದು. ನಾನು ಎಲ್ಲವನ್ನೂ ತಿಳಿದವಳ ಹಾಗೆ ತಲೆಯಾಡಿಸಿದೆ. ಸಮಸ್ಯೆಯೆಂದರೆ ನಾವು ತಲೆಯಾಡಿಸುವ ರೀತಿ ಅವನಿಗೆ ಬೇಡ ಎಂಬಂತೆ ಕಂಡಿತು. ನಾನು ಹೌದು ಎಂದಷ್ಟೂ ಅವನು ಬೆವರಿ, ಮತ್ತೆ ಮೊದಲಿನಿಂದ ವಿವರಿಸಿದ. ಕೊನೆಗೆ ನನಗೆ ಅರ್ಥವಾದದ್ದು ಇಷ್ಟು. ಮೊದಲಿನ ಎರಡು ದಾರಿಗೆ ನಮ್ಮ ತೋಟ ಮಾರಬೇಕು, ಮೂರನೆಯದಕ್ಕೆ ಒಬ್ಬ ಮನುಷ್ಯ ಸಿಗಬೇಕು. ಹೊರಡುವಷ್ಟರಲ್ಲಿ ಅವನ ಪಾಲಿನ ಬಿಸ್ಕತ್ತನ್ನೂ ತಿಂದಿದ್ದೆನೆಂದು ರಸ್ತೆಗೆ ಬಂದ ಮೇಲೆ ಹೊಳೆಯಿತು.

ಮನುಷ್ಯನನ್ನು ಎಲ್ಲಿ ಹುಡುಕುವುದೆಂದು ಯೋಚಿಸುತ್ತಿರುವಾಗಲೇ, ನಮ್ಮ ಮಾಲು ಇಳಿದಿದ್ದ ಪ್ಯಾಕಿಂಗ್ ಗೋಡೌನಿನಿಂದ ಫೋನ್ ಬಂತು. ಕೂಡಲೇ ಬರಬೇಕಂತೆ.

ಗೋಡೌನಿನ ಯಜಮಾನರು ಐವತ್ತು ದಾಟಿದವರು. ನೀಲಿ ಏಪ್ರನ್, ಹಣೆಯ ಮೇಲೆ ಕನ್ನಡಕ, ಮುಖದಲ್ಲಿ ನಗು ಇಡಲು ಜಾಗವೇ ಇಲ್ಲ. ಮೇಜಿನ ಮೇಲೆ ನಮ್ಮ ಒಂದು ಪೊಟ್ಟಣ ಹೊಟ್ಟೆ ಸೀಳಿಸಿಕೊಂಡು ಮಲಗಿತ್ತು.

"ಊಟ ಆಯ್ತಾ ಸಾರ್?" ಎಂದೆ. ಬಾಯಿ ತಪ್ಪಿ ಅದೇ ಮೊದಲು ಬಂತು.

ಅವರು ಗಡಿಯಾರ ನೋಡಿದರು. "ನನ್ನ ಊಟ ಹನ್ನೆರಡೂವರೆಗೆ. ಇದರ ಮೇಲೆ ಆರು ಕೋಲು ಅಂತ ಬರೆದಿದೆ. ಒಳಗೆ ಏಳಿದೆ."

"ಅಯ್ಯೋ, ಅಷ್ಟೇ ತಾನೆ?" ಎಂದುಬಿಟ್ಟೆ. "ಒಳ್ಳೇದೇ ಆಯ್ತಲ್ಲ!"

"ಒಳ್ಳೇದಾ? ಏಳನೆಯದು ಯಾರದ್ದು?"

"ತಗೊಂಡವರದ್ದು."

"ಅದಕ್ಕೆ ಅವರು ದುಡ್ಡು ಕೊಟ್ಟಿದ್ದಾರಾ?"

"ಇಲ್ಲ."

"ಬೇಕು ಅಂತ ಕೇಳಿದ್ದರಾ?"

"ಇಲ್ಲ."

"ಯಾರೂ ಕೇಳದ, ಯಾರೂ ದುಡ್ಡು ಕೊಡದ ವಸ್ತು ನನ್ನ ಗೋಡೌನಿನಲ್ಲಿ ಏನು ಮಾಡುತ್ತಿದೆ?"

ಅವರು ಇನ್ನೊಂದು ಪೊಟ್ಟಣ ಸೀಳಿದರು, ಏಳು. ಮತ್ತೊಂದು, ಏಳು. ನನಗೆ ಆಗ ಹೊಳೆಯಿತು. ಹೊಟ್ಟೆಯೊಳಗಿಂದ ನಗು ಉಕ್ಕಿ ಬಂತು. ನಮ್ಮ ಹೆಂಗಸರು ಕೊಸರು ಹಾಕಿಬಿಟ್ಟಿದ್ದರು!

ಕೊಸರಿಲ್ಲದೆ ನಮ್ಮ ಕಡೆ ಯಾರೂ ಏನನ್ನೂ ಕೊಡುವುದಿಲ್ಲ. ಸೊಪ್ಪಿನವಳು ಕಟ್ಟು ಕೊಟ್ಟ ಮೇಲೆ ನಾಲ್ಕು ಎಸಳು ಕೊತ್ತಂಬರಿ ಹಾಕುತ್ತಾಳೆ. ಸೇರು ಅಳೆದ ಮೇಲೆ ಮೇಲೊಂದು ಹಿಡಿ ಬೀಳದಿದ್ದರೆ ಅಳೆದ ಹಾಗೇ ಅಲ್ಲ. ಇದನ್ನು ಯಜಮಾನರಿಗೆ ಅಭಿನಯಿಸಿ ತೋರಿಸಿದೆ. ಅವರ ಕಾಫಿ ಲೋಟವನ್ನೇ ಸೇರು ಮಾಡಿ, ಪೆನ್ನು ಕ್ಲಿಪ್ಪುಗಳನ್ನೇ ಅವರೆಕಾಳು ಮಾಡಿ ಅಳೆದು ಸುರಿದು, ಕೊನೆಗೊಂದು ಹಿಡಿ ಕ್ಲಿಪ್ಪನ್ನು ಮೇಲೆ ಹಾಕಿ, "ಇದು ಕೊಸರು!" ಎಂದು ಕೈ ಚಾಚಿ ನಿಂತೆ.

ಯಜಮಾನರು ಕ್ಲಿಪ್ಪುಗಳನ್ನು ನೋಡಿ ಬಹಳ ಯೋಚಿಸಿದರು. "ಅಂದರೆ, ಮೊದಲು ಅಳೆದದ್ದು ತಪ್ಪಾಗಿತ್ತು?"

"ಇಲ್ಲ ಸಾರ್, ಸರಿಯಾಗಿಯೇ ಇತ್ತು."

"ಸರಿಯಾಗಿದ್ದರೆ ಮತ್ತೆ ಯಾಕೆ ಹಾಕಿದಿರಿ? ಈಗ ತಪ್ಪಾಯಿತಲ್ಲ."

ಅತ್ತಿಗೆಗೆ ವಿಡಿಯೊ ಕರೆ ಮಾಡಿದೆ. ಈ ಹೊತ್ತಿಗೆ ಅವಳೇ ಮೋಟಿನ ಮೇಲೆ ನಿಂತಿದ್ದಳು.

"ಹೂಂ ಕಣೇ, ನಾನೇ ಹಾಕ್ಸಿದ್ದು. ದೂರದೂರಿಗೆ ಹೋಗೋ ಮಾಲು, ಬರೀ ಲೆಕ್ಕಕ್ಕೆ ಲೆಕ್ಕ ಕೊಟ್ರೆ ಏನನ್ಕತಾರೆ ನಮ್ಮನ್ನ? ಯಾಕೆ, ಕಮ್ಮಿ ಆಯ್ತಂತಾ?"

"ಜಾಸ್ತಿ ಆಯ್ತಂತೆ ಅತ್ಗೆ. ಬೈತಾ ಅವ್ರೆ."

"ಜಾಸ್ತಿ ಕೊಟ್ಟಿದ್ದಕ್ಕೆ ಬೈತಾರಾ? ಎಂಥ ಜನ ಮಾರಾಯ್ತಿ ಅವ್ರು!"

ಆದರೆ ವಿಷಯ ನಗುವಷ್ಟು ಹಗುರವಾಗಿರಲಿಲ್ಲ. ಬಂದರಿನಲ್ಲಿ ಕೊಟ್ಟ ಕಾಗದದಲ್ಲಿ ಒಂದು ಲೆಕ್ಕ, ಒಳಗೆ ಇನ್ನೊಂದು. ಅಲ್ಲಿಯವರು ಒಂದೇ ಒಂದು ಪೆಟ್ಟಿಗೆ ಬಿಚ್ಚಿದ್ದರೂ ಸಾಕಿತ್ತು, ನಾವು ಏನೋ ಕಳ್ಳಸಾಗಣೆ ಮಾಡುತ್ತಿದ್ದೇವೆಂದು ಎಲ್ಲವನ್ನೂ ಹಿಡಿದಿಡುತ್ತಿದ್ದರು ಎಂದು ಯಜಮಾನರು ನಿಧಾನವಾಗಿ, ಪದ ಪದ ಬಿಡಿಸಿ ಹೇಳಿದರು. ಲೆಕ್ಕ ತಪ್ಪಿದ ಮಾಲು ತಮ್ಮ ಗೋಡೌನಿನಿಂದ ಯಾವ ಅಂಗಡಿಗೂ ಹೋಗುವುದಿಲ್ಲ, ಇದನ್ನು ತಾವು ಅಂಗಡಿಯಮ್ಮನಿಗೂ ಹೇಳಲೇಬೇಕಾಗುತ್ತದೆ ಎಂದರು. ನನ್ನ ಕಣ್ಣಿಗೆ ಬಚ್ಚಲೊಲೆಯ ಬೆಂಕಿ ಧಗಧಗ ಕಾಣಿಸಿತು.

"ಎಲ್ಲಾ ಪೊಟ್ಟಣ ನಾನೇ ಬಿಚ್ಚಿ, ಒಂದೊಂದು ಕೋಲು ತೆಗೆದು, ಮತ್ತೆ ಅಂಟಿಸಿ ಕೊಡ್ತೀನಿ" ಎಂದೆ. "ಆಮೇಲೆ ಹೇಳಿ ಅವರಿಗೆ."

ಯಜಮಾನರು ಗೋಡೆಯುದ್ದಕ್ಕೂ ಪೇರಿಸಿದ್ದ ಪೆಟ್ಟಿಗೆಗಳನ್ನು ತೋರಿಸಿದರು.

ಶುರು ಮಾಡಿದೆ. ಮೊದಲ ದಿನ ಪೊಟ್ಟಣಗಳಿಗಿಂತ ಹೆಚ್ಚಾಗಿ ನನ್ನ ಬೆರಳುಗಳನ್ನೇ ಅಂಟಿಸಿದೆ. ಒಮ್ಮೆ ನನ್ನ ಜಡೆಯ ತುದಿ ಒಂದು ಪೊಟ್ಟಣದೊಳಗೆ ಸೇರಿ ಅಂಟಿಕೊಂಡು, ಅದನ್ನು ನೇತಾಡಿಸಿಕೊಂಡೇ ಗೋಡೌನೆಲ್ಲ ಕತ್ತರಿ ಹುಡುಕಿದೆ. ಬೆಳಿಗ್ಗೆ ಯಜಮಾನರನ್ನು ಕಂಡಾಗಲೆಲ್ಲ ಹಾಳು ಬಾಯಿ "ಊಟ ಆಯ್ತಾ?" ಎನ್ನುತ್ತಿತ್ತು, ಅವರು ಪ್ರತಿ ಸಲವೂ ಬೇಸರಿಸದೆ "ಹನ್ನೆರಡೂವರೆಗೆ" ಎನ್ನುತ್ತಿದ್ದರು. ಎರಡನೆಯ ದಿನ ಊಟವಾದ ಮೇಲೆ ಅವರು ಒಂದು ಸ್ಟೂಲು ಎಳೆದುಕೊಂಡು ನನ್ನೆದುರು ಕುಳಿತು, ಪೊಟ್ಟಣ ಅಂಟಿಸತೊಡಗಿದರು. ನಾನು ಅಂಟಿಸಿದ್ದನ್ನು ತಿರುಗಿಸಿ ನೋಡಿ, ಮುಕ್ಕಾಲು ಪಾಲು ಮತ್ತೆ ಅಂಟಿಸಿದರು.

ತೆಗೆದ ಕೋಲುಗಳೆಲ್ಲ ಒಂದು ಮೂಲೆಯಲ್ಲಿ ಗುಡ್ಡೆ ಬಿದ್ದವು.

"ಇದನ್ನು ಏನು ಮಾಡುತ್ತೀರಿ?" ಎಂದರು.

"ನೀವೇ ಹೇಳಿ ಸಾರ್."

"ಬೆಲೆಯಿಲ್ಲ, ಲೇಬಲ್ಲಿಲ್ಲ. ಮಾರುವಂತಿಲ್ಲ. ಕಸಕ್ಕೆ."

ಅತ್ತಿಗೆಗೆ ಗುಡ್ಡೆಯನ್ನು ತೋರಿಸಿದೆ. ಅವಳು ಕ್ಯಾಮೆರಾಕ್ಕೆ ಮೂಗು ತಾಗುವಷ್ಟು ಹತ್ತಿರ ಬಂದಳು. ಒಂದು ಕ್ಷಣ ಅವಳು ಬೈಯುತ್ತಾಳೆಂದುಕೊಂಡೆ. ಬೈಯಲಿಲ್ಲ.

"ತಪ್ಪು ನಮ್ದೇ ಕಣೇ," ಎಂದಳು ನಿಧಾನವಾಗಿ. "ಕೊಸರು ಅನ್ನೋದು ತಗಳೋರ ಕಣ್ಣೆದ್ರಿಗೆ ಬೀಳ್ಬೇಕು. ಪೊಟ್ಟಣದೊಳಗೆ ಮುಚ್ಚಿಟ್ಟು ಕಳ್ಸಿದ್ರೆ ಅದೆಂಥ ಕೊಸರು? ಅವ್ರಿಗೆ ಬಂದಿದ್ದೂ ಗೊತ್ತಾಗಲ್ಲ, ನಾವು ಕೊಟ್ಟಿದ್ದೂ ಗೊತ್ತಾಗಲ್ಲ. ಕೊಡಕ್ಕೆ ಅಲ್ಲೊಂದು ಕೈ ಬೇಕು."

"ಅದೇ ಅತ್ಗೆ ಹುಡುಕ್ತಾ ಇರೋದು, ಎಲ್ಲಿಂದ ತರ್ಲಿ ಕೈಯ?"

"ಆ ಕನ್ನಡಕದೋರು ಅಂಟಿಸ್ತಾ ಅವ್ರಲ್ಲ, ಅವ್ರನ್ನೇ ಕೇಳು."

"ಯಾರು, ಇವ್ರನ್ನಾ? ಒಂದ್ ಕೋಲು ಜಾಸ್ತಿ ಇದ್ದಿದ್ದಕ್ಕೆ ನನ್ನ ಹುರಿದು ಮುಕ್ಕಿದ್ರು!"

"ಅದಕ್ಕೇ ಹೇಳಿದ್ದು. ಲೆಕ್ಕ ತಪ್ಪಿದ್ರೆ ಇಷ್ಟ್ ಬೈಯೋರು ನಮ್ ಕಡೆಯೋರಾಗಿದ್ರೆ ಒಳ್ಳೇದಲ್ವಾ? ಕೇಳೇ, ಏನ್ ತಿಂದ್ಬುಡ್ತಾರಾ?"

ಕೇಳಿದೆ. ಆ ಸಲಹೆಯ ಯುವಕ ಹೇಳಿದ ಮೂರನೆಯ ದಾರಿಯನ್ನು ನೆನಪಿಸಿಕೊಂಡು, ತಡವರಿಸುತ್ತ ಹೇಳಿದೆ. ನಿಮ್ಮ ವಿಳಾಸವೇ ನಮ್ಮ ವಿಳಾಸವಾಗಬೇಕು. ಮಾಲು ಇಲ್ಲಿಗೆ ಬರಬೇಕು, ಕೆಟ್ಟದ್ದು ಇಲ್ಲಿಗೇ ವಾಪಸಾಗಬೇಕು, ತಕರಾರು ಬಂದರೆ ನೀವು ಫೋನ್ ಎತ್ತಬೇಕು, ಪೆಟ್ಟಿಗೆಗೆ ಇಷ್ಟು ಅಂತ ನಿಮ್ಮ ಪಾಲು. ಮತ್ತೆ ಆ ಗುಡ್ಡೆ ಕೋಲುಗಳನ್ನು ಅಂಗಡಿಗಳಿಗೆ ಬೇರೆಯಾಗಿ ಕೊಡಬೇಕು. ಅಂಗಡಿಯವರು ಗಿರಾಕಿಯ ನಾಯಿಗೆ ತಮ್ಮ ಕೈಯಾರೆ ಒಂದು ಹಾಕಬೇಕು.

ಯಜಮಾನರು ಕನ್ನಡಕವನ್ನು ಹಣೆಯಿಂದ ಮೂಗಿಗೆ ಇಳಿಸಿದರು. "ನಮ್ಮ ಮನೆಯಲ್ಲಿರುವುದು ಬೆಕ್ಕು" ಎಂದರು.

"ಪರವಾಗಿಲ್ಲ ಸಾರ್, ನಮ್ಮ ಮನೆಯ ನಾಯಿನೂ ಇದನ್ನು ಮುಟ್ಟಲ್ಲ."

ಮೊದಲ ಬಾರಿ ಅವರ ತುಟಿಯ ಒಂದು ಕೊನೆ ಅಲುಗಿತು. ಅದು ನಗುವೋ ಹಲ್ಲುನೋವೋ ಎಂದು ನಾನು ಕಾದೆ. ಅವರು ತಮ್ಮ ಷರತ್ತುಗಳನ್ನು ಹೇಳತೊಡಗಿದರು. ಮುಂದೆ ಕೊಸರು ಬರುವುದಾದರೆ ಬೇರೆ ಪೆಟ್ಟಿಗೆಯಲ್ಲಿ ಬರಬೇಕು, ಕಾಗದದಲ್ಲಿ ನಮೂದಾಗಬೇಕು, ಮೇಲೆ 'ಮಾರಾಟಕ್ಕಲ್ಲ' ಎಂದು ದಪ್ಪ ಅಕ್ಷರದಲ್ಲಿರಬೇಕು. ಪೊಟ್ಟಣದಲ್ಲಿ ಆರು ಎಂದರೆ ಆರು. "ಮತ್ತೆ ನೀವು, ನನ್ನ ಊಟದ ಬಗ್ಗೆ ಕೇಳುವುದನ್ನು ನಿಲ್ಲಿಸಬೇಕು."

ನಾನು ಜೋರಾಗಿ ತಲೆಯಾಡಿಸಿದೆ. ಅವರು ಒಂದು ಕ್ಷಣ ಗೊಂದಲಗೊಂಡದ್ದು ಕಂಡು, "ಇದು ಹೌದು, ಹೌದು!" ಎಂದು ಕೂಗಿದೆ.

ಉಳಿದದ್ದು ಅಂಗಡಿಯಮ್ಮ. ಅವರು ಬಂದದ್ದು ಒಂದು ಗಾಳಿಯ ಬೆಳಿಗ್ಗೆ, ಜೊತೆಗೆ ಕರುವಿನಷ್ಟು ಎತ್ತರದ ನಾಯಿ. ನಾನು ಮೋಟಿನ ಮೇಲಿನ ಹುಡುಗಿಯೆಂದು ಗೊತ್ತಾದ ಕೂಡಲೇ ತಬ್ಬಿಕೊಂಡರು, ಆದರೆ ಕಣ್ಣು ಮಾತ್ರ ಸುತ್ತಲೂ ತೂಕ ಹಾಕುತ್ತಿತ್ತು. ಗೋಡೌನಿನ ಬಾಗಿಲ ಬಳಿಯ ಅಂಚೆಪೆಟ್ಟಿಗೆಯ ಮೇಲೆ ನಾನು ಸೊಟ್ಟಗೆ ಅಂಟಿಸಿ, ಯಜಮಾನರು ಸ್ಕೇಲಿಟ್ಟು ನೆಟ್ಟಗೆ ಮಾಡಿದ್ದ ನಮ್ಮ ಕಂಪನಿಯ ಹೆಸರನ್ನು ಓದಿದರು.

"ಹೆಸರನ್ನು ಯಾರು ಬೇಕಾದರೂ ಅಂಟಿಸಬಹುದು" ಎಂದು, ಮೇಜಿನ ಮೇಲಿದ್ದ ಹೊಸ ಲೇಬಲ್ ತೆಗೆದುಕೊಂಡು ಅದರಲ್ಲಿದ್ದ ನಂಬರಿಗೆ ಅಲ್ಲೇ ನಿಂತು ಫೋನ್ ಮಾಡಿದರು.

ಎರಡು ಹೆಜ್ಜೆ ದೂರದಲ್ಲಿ ಯಜಮಾನರ ಏಪ್ರನ್ ಜೇಬು ಹಾಡಿತು. ಅವರು ಅಂಗಡಿಯಮ್ಮನ ಕಡೆ ತಿರುಗಿಯೂ ನೋಡದೆ ಫೋನ್ ಕಿವಿಗಿಟ್ಟು, ನಮ್ಮ ಕಂಪನಿಯ ಹೆಸರನ್ನು ಅಕ್ಷರ ತಪ್ಪದೆ ಹೇಳಿ, "ನಿಮಗೆ ಏನು ಸಹಾಯ ಬೇಕು?" ಎಂದರು.

"ನನ್ನದೊಂದು ತಕರಾರಿದೆ" ಎಂದರು ಅಂಗಡಿಯಮ್ಮ, ತಮ್ಮ ಫೋನಿನೊಳಗೆ.

"ಹೇಳಿ. ಬರೆದುಕೊಳ್ಳುತ್ತೇನೆ."

"ನಿಮ್ಮ ಗೋಡೌನಿನ ಮೂಲೆಯಲ್ಲಿದ್ದ ಗುಡ್ಡೆಯಿಂದ ನನ್ನ ನಾಯಿ ಒಂದು ಕೋಲು ಕದ್ದಿದೆ. ದುಡ್ಡು ಯಾರಿಗೆ ಕೊಡಲಿ?"

ನಾವೆಲ್ಲ ತಿರುಗಿ ನೋಡಿದೆವು. ಆ ದೊಡ್ಡ ನಾಯಿ ಗುಡ್ಡೆಯ ಮೇಲೆಯೇ ಒರಗಿ, ಎರಡು ಮುಂಗಾಲಿನ ನಡುವೆ ನಮ್ಮ ತೋಟದ ಒಂದು ತುಂಡನ್ನು ಹಿಡಿದು, ಕಣ್ಣು ಅರೆಮುಚ್ಚಿ ಕಡಿಯುತ್ತಿತ್ತು. ಯಜಮಾನರು ಅದನ್ನು ನೋಡಿದರು, ನನ್ನನ್ನು ನೋಡಿದರು, ಗಂಟಲು ಸರಿಮಾಡಿಕೊಂಡರು.

"ಅದಕ್ಕೆ ದುಡ್ಡಿಲ್ಲ" ಎಂದು ಫೋನಿನಲ್ಲಿ ಹೇಳಿದರು. "ಅದು ಕೊಸರು."

ಕುಣಿಯಬೇಕೆನಿಸಿತು. ಕುಣಿದೂ ಬಿಟ್ಟೆ, ಕಾಲಿಗೆ ಟೇಪಿನ ಸುರುಳಿ ಸಿಕ್ಕಿ ಮುಗ್ಗರಿಸಿ ಪೆಟ್ಟಿಗೆಗಳನ್ನು ಹಿಡಿದುಕೊಂಡೆ. ಅಂಗಡಿಯಮ್ಮ ಫೋನನ್ನು ಚೀಲಕ್ಕೆ ಹಾಕಿ, "ಊರಲ್ಲಿ ಇನ್ನೆಷ್ಟಿದೆ?" ಎಂದು ಕೇಳಿದರು. ಸ್ಟೋರಿನ ಅರ್ಧ ಭಾಗ ಎಂದೆ. ಕೈಯಿಂದ ಎದೆಯೆತ್ತರ ತೋರಿಸಿದೆ. "ಅಷ್ಟೂ ಕಳಿಸು. ಮೂರು ಅಂಗಡಿಗೂ ಬೇಕು" ಎಂದರು.

ಅತ್ತಿಗೆಗೆ ವಿಡಿಯೊ ಕರೆ ಮಾಡಿದೆ. ಊರಲ್ಲಿ ಮಧ್ಯಾಹ್ನ ದಾಟಿತ್ತು. ಅವಳು ಮೋಟಿನ ಮೇಲಿದ್ದಳು, ಹಿಂದೆ ಸ್ಟೋರಿನ ಬಾಗಿಲಲ್ಲಿ ನಾಲ್ಕೂ ಹೆಂಗಸರು ಕೆಲಸ ಬಿಟ್ಟು ನಿಂತಿದ್ದರು.

"ಅತ್ಗೇ! ಆಯ್ತು! ಇರೋದೆಲ್ಲಾ ಬೇಕಂತೆ!"

"ಎಲ್ಲಾ ಅಂದ್ರೆ?"

"ಎಲ್ಲಾ ಅಂದ್ರೆ ಎಲ್ಲಾ ಕಣ್ ಅತ್ಗೆ! ಒಂದೂ ಒಲೆಗಿಲ್ಲ!"

ಅತ್ತಿಗೆ ಸೆರಗನ್ನು ಮುಖಕ್ಕೆ ಒತ್ತಿಕೊಂಡು ಹೆಂಗಸರ ಕಡೆ ತಿರುಗಿ ಕೈ ಎತ್ತಿದ್ದಷ್ಟೇ, ಅಲ್ಲಿಂದ ಎದ್ದ ಕೂಗಿಗೆ ನನ್ನ ಫೋನು ಬಿರಿಯಬೇಕಿತ್ತು. ಆ ಗಲಾಟೆಯ ನಡುವೆ ಅಪ್ಪನ ದನಿ.

"ಹಂಗಾದ್ರೆ ಸ್ಟೋರು ಯಾವತ್ ಖಾಲಿ ಮಾಡ್ತೀರಾ?"

"ಈ ವಾರನೇ ಮಾವ," ಎಂದಳು ಅತ್ತಿಗೆ ಮುಖ ಒರೆಸಿಕೊಂಡು. ಒಂದೇ ಉಸಿರಿನಲ್ಲಿ ಮುಂದುವರಿಸಿದಳು: "ಆದ್ರೆ ಕೆಳಗಿನ ತೋಟದ ಹಳೇ ಗಿಡನೂ ಈ ಸಲ ಕೀಳ್ಸಿಬುಡಿ. ಇದು ಸಾಕಾಗಲ್ಲ."

"ಮನೆ ತೊಲೆನೂ ಕಿತ್ಕಂಡ್ ಹೋಗ್ರೀ! ಹಾಲೆಂಡಿನ್ ನಾಯಿಗೆಲ್ಲ ನನ್ ತೋಟನೇ ಬೇಕಾಯ್ತಾ? ಅದ್ಯಾವನ್ ಕಣೇ ಅಲ್ಲಿ, ನನ್ ಮನೆ ಹೆಣ್ಮಕ್ಕಳ್ ತಲೆ ಕೆಡ್ಸಿರೋನು? ಕೊಡು ಅವನಿಗೆ ಫೋನು!"

ಯಜಮಾನರು ನನ್ನ ಭುಜದ ಮೇಲಿನಿಂದ ಬಗ್ಗಿ, ತೆರೆಯ ಮೇಲೆ ಕೈ ಬೀಸುತ್ತಿದ್ದ ಅಪ್ಪನನ್ನು ಗೌರವದಿಂದ ನೋಡಿದರು. "ಏನು ಹೇಳುತ್ತಿದ್ದಾರೆ?"

"ನಮ್ಮ ತಂದೆ. ನಿಮಗೆ ಅಭಿನಂದನೆ ಹೇಳ್ತಾ ಇದ್ದಾರೆ."

ಯಜಮಾನರು ಏಪ್ರನ್ ಸರಿಮಾಡಿಕೊಂಡು, ನೆಟ್ಟಗೆ ನಿಂತು, ತೆರೆಗೆ ತಲೆ ಬಾಗಿಸಿದರು.

"ಯಾಕಂತೆ ಬಗ್ತಾ ಇರೋದು?" ಎಂದರು ಅಪ್ಪ, ದನಿ ಸ್ವಲ್ಪ ತಗ್ಗಿಸಿ. "ಒಳ್ಳೇರ್ ಥರ ಅವ್ರೆ. ಊಟ ಆಯ್ತಾ ಕೇಳು."